ಅಂಟು

ಮೂರು ಸಲ ರಜಿಸ್ಟರ್ ಮಾಡಿದ್ದು ಮೂರೂ ಸಲ ತಿರುಗಿ ಬಂತು,
ಲಕೋಟೆ ಮ್ಯಾಲೆ ಕೆಂಪು ಶಾಯಿ: ‘ಊರಲ್ಲಿ ಇಲ್ಲ.’
ಕಡೀಕ ಸಾಹೇಬ್ರು ನನ್ನ ಕೈಯಾಗ ಕೊಟ್ರು,
‘ಬಾಗಿಲಿಗೆ ಹಚ್ಚಿ, ಇಬ್ಬರು ಪಂಚರ ಸಹಿ ತಗೊಂಡು ಬಾ.’

ಬೆಟಗೇರಿ. ಮಧ್ಯಾಹ್ನ ಎರಡೂವರಿ.
ಓಣಿ ತುಂಬ ಮಗ್ಗದ ಸದ್ದು,
ಒಂದು ಮನಿ ಬಿಟ್ಟರ ಇನ್ನೊಂದು ಮನಿ ಹಿಡೀತೈತಿ.
ಕಂಡಕ್ಟರ್ ದಾವಲಸಾಬ ನದಾಫನ ಮನಿ ಯಾವುದು ಅಂದ್ರ
ಹುಡುಗ ಒಬ್ಬ ಲಾಳಿ ಹಿಡಿದ ಕೈಯಿಂದಾನ ತೋರಿಸಿದ.

ಗೋಂದಿನ ಬಾಟ್ಲಿ ಮೇಜಿನ ಮ್ಯಾಲ ಮರತು ಬಂದಿದ್ದೆ.
ನಾಚಿಕಿ ಬಂತು. ಆದರೂ ಕೇಳಿದೆ,
‘ತಂಗೀ, ಒಂದೀಟು ಅಂಟು ಐತೇನು?’

ಮಾಲನಬಿ ಹಾಳಿ ನೋಡಿದಳು, ನನ್ನ ನೋಡಿದಳು,
ಒಳಗ ಹೋದಳು. ಸ್ಟೋವ್ ಹತ್ತಿದ ಸದ್ದು.
ಎರಡು ಚಮಚ ಮೈದಾ, ಒಂದು ಬಟ್ಟಲ ನೀರು,
ಗಂಟು ಆಗಬಾರದಂತ ಕೈಬಿಡದ ತಿರುವಿದಳು
ಕೂಸಿಗೆ ಅಂಬಲಿ ಕಾಸಿದಂಗ.

ನಾ ಕಟ್ಟಿ ಮ್ಯಾಲ ಕುಂತು ಹಾಳಿ ಓದಿದೆ:
‘ಸದರಿ ನೌಕರರು ಪೂರ್ವಾನುಮತಿ ಇಲ್ಲದೆ
ಸತತ ಇನ್ನೂರ ಹದಿನಾಲ್ಕು ದಿನ
ಅನಧಿಕೃತವಾಗಿ ಗೈರು ಉಳಿದಿದ್ದು…’
ಟೈಪ್ ಮಾಡಿದವ ನಾನ.
ಮಾಡೂವಾಗ ಬೆರಳು ಒಂದೀಟು ನಿಂತಿದ್ವು:
ಗೈರು ಆದವ ಎಲ್ಲಿ ಉಳೀತಾನ?

ನರೇಗಲ್ ಗಾಡಿ. ಕೋಟುಮಚಗಿ ದಾಟಿ ಒಂದು ತಿರುವು.
ಸೀಟಿ ಹೊಡದು ನಿಲ್ಲಿಸಿದ, ‘ಬಂದೆ’ ಅಂದ,
ಮಂದಿ ತಿಳಕೊಂಡ್ರು ಕಾಲಮಡಿಯಾಕ ಹೊಂಟಾನಂತ.
ಕುಸುಬಿ ಹೊಲ. ಮುಳ್ಳು ಮೊಣಕಾಲಮಟ.
ಅದರಾಗ ಸೀದಾ ನಡಕೋತ ಹೋದ.
ಡ್ರೈವರ್ ಇಪ್ಪತ್ತು ನಿಮಿಷ ಹಾರ್ನ್ ಹೊಡದ.

ಸೀಟಿನ ಮ್ಯಾಲ ಟಿಕೆಟ್ ಮಷಿನ್, ಬಗಲಚೀಲ.
ಎಣಿಸಿದ್ರ ಬರೋಬ್ಬರಿ, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮಿಲ್ಲ.
ಅದನ್ನ ಬರಿಯಾಕ ಫೈಲಿನ್ಯಾಗ ಜಾಗ ಇರಲಿಲ್ಲ.

ಹಿಂದಿನ ವಾರ ಒಂದು ಮೆಮೊ ಆಗಿತ್ತು:
ಮುದುಕಿ ಒಬ್ಬಾಕಿಗೆ ಸೊನ್ನಿ ರೂಪಾಯಿ ಟಿಕೆಟ್
ಹರಿದು ಕೊಟ್ಟಿಲ್ಲಂತ.
ಅದಕ್ಕ ಅಂತಾರ. ಅದಕ್ಕಲ್ಲ ಅಂತಾರ.
ನಾಲ್ಕನೇ ಪುಟಕ್ಕ ಆ ಮೆಮೊ ಐತಿ,
ಅದಕ್ಕೂ ನಂಬರ್ ಹಾಕಿದವ ನಾನ.

ಅಂಟು ಬಂತು, ಬಿಸಿ ಇತ್ತು.
ಹಸರು ಬಣ್ಣದ ಕದ, ಹಾಳಿ ಒಂದೀಟು ಓರಿ ಆತು.
‘ಸೊಟ್ಟ ಆತಲ್ರಿ’ ಅಂದಳು ಮಾಲನಬಿ,
ಮುಂದ ಬಂದು ತಾನ ಎತ್ತಿ ನೆಟ್ಟಗ ಮಾಡಿ
ಸೆರಗಿನಿಂದ ನಡುವಿನ ಸುಕ್ಕು ತೀಡಿದಳು.
ಮೂರನೇತ್ತೆ ಹುಡುಗ ಹಿಂದಿನಿಂದ ತೂರಿ ಬಂದು
ಬೆರಳ ಇಟ್ಟು ಓದಿದ, ‘ಅ… ನ… ಧಿ…’
ಒತ್ತಕ್ಷರಕ್ಕ ತಡವರಿಸಿದ. ಅವ್ವ ಕಾದಳು.
ನಾನೂ ಕಾದೆ.

ಎದುರುಮನಿ ತುಳಜಣಸಾ ಬಾಕಳೆ
ಮಗ್ಗದ ಕುಣಿಯಿಂದ ಏಳದ ಸಹಿ ಮಾಡಿದರು.
ಇನ್ನೊಂದು ಸಹಿಗೆ ಯಾರೂ ಬರಲಿಲ್ಲ.
‘ನಾ ಮಾಡಲೇನ್ರಿ?’ ಅಂದಳಾಕಿ.
‘ಮನಿಯವರದು ನಡಿಯಂಗಿಲ್ಲ, ತಂಗಿ.’
‘ಹೌದನ್ರಿ?’ ಅಂದಳು, ನಗಲಿಲ್ಲ.
‘ಹಂಗಾರ ಚಾ ಆದರೂ ಕುಡೀರಿ.’
ಸಂಜಿಕ ಹಾಲಿನವ ಬರೂತನಕ ಕುಂತೆ.
ಅವ ಏನೂ ಓದಲಾರದ ಹೆಬ್ಬೆಟ್ಟು ಒತ್ತಿ,
ಬೆರಳನ್ನ ಕ್ಯಾನಿಗೆ ಒರಸಿಕೊಂಡು ಹೋದ.

ತಿರುಗಿ ಬರೂವಾಗ ಸಿಟಿಬಸ್ಸಿನ್ಯಾಗ ಹೊಸ ಹುಡುಗ,
ಖಾಕಿ ಅಂಗಿ ಇನ್ನೂ ಮಡಿಕಿ ಮುರಿದಿರಲಿಲ್ಲ.
ಟಿಕೆಟ್ ಕೊಟ್ಟ. ನನ್ನ ಬೆರಳಿಗೆ ಹತ್ತಿಕೊಂಡು ಬಿಡಲಿಲ್ಲ.
ಹಿಂದ ಬಾಕಿ ಚಿಲ್ಲರ ಬರದಿದ್ದ, ‘ಇಳಿಯೂ ಮುಂದ ಕೇಳ್ರಿ.’
ಎಂಟು ರೂಪಾಯಿ.

ಇಳಿಯೂ ಜಾಗ ಬರೂತನಕ
ಅವನ್ನ ನೋಡಕೋತ ಕುಂತೆ.